ಮಂಗನ ಕಾಯಿಲೆ: ಊರಿಗೆ ಹೋಗಿಬರುವವರಿಗೆ ಒಂದು ಪಾಠ

ಬೇಸಿಗೆ ಬಂತೆಂದರೆ ನಮ್ಮ ವಾಚನಾಲಯದ ಬೆಂಚುಗಳು ಅರ್ಧಕ್ಕರ್ಧ ಖಾಲಿ. ಸಾಗರ, ಸೊರಬ, ಸಿದ್ದಾಪುರದ ಕಡೆಯವರೆಲ್ಲ ರಜೆ ಹಾಕಿ ಊರಿಗೆ ಹೊರಡುತ್ತಾರೆ. ಹಾಗೆ ಹೋಗಿಬಂದ ಸದಸ್ಯರೊಬ್ಬರು ಪುಣೆಗೆ ಮರಳಿದ ಮೂರನೆಯ ದಿನವೇ ಜ್ವರದಿಂದ ಮಲಗಿಬಿಟ್ಟರು. ಮಲೇರಿಯಾ ಎಂದು ಔಷಧ ನಡೆಯಿತು. ಊರಿನಲ್ಲಿ ತರಗೆಲೆ ತರಲು ಕಾಡಿಗೆ ಹೋಗಿದ್ದ ಸಂಗತಿಯನ್ನು ಅವರೂ ಹೇಳಲಿಲ್ಲ, ವೈದ್ಯರೂ ಕೇಳಲಿಲ್ಲ. ದೈವಕೃಪೆಯಿಂದ ಗುಣವಾಯಿತು. ಅವರ ಒತ್ತಾಯದ ಮೇಲೆಯೇ ಇದನ್ನು ಬರೆಯುತ್ತಿದ್ದೇವೆ.

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಹಳ್ಳಿಗರಿಗೂ ಕಠಿಣ ಜ್ವರ ಹಿಡಿಯಿತು. ಆಫ್ರಿಕದ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂದು ತಜ್ಞರು ಗಾಬರಿಗೊಂಡರು. ಪರೀಕ್ಷಿಸಿದವರು ನಮ್ಮ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. 1952ರಲ್ಲಿ ಹುಟ್ಟಿದ ಆ ಕೇಂದ್ರವೇ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಅದು ಹಳದಿ ಜ್ವರವಲ್ಲ, ರಷ್ಯದ ಕಾಡುಗಳಲ್ಲಿ ಕಂಡಿದ್ದ ವೈರಸ್ಸುಗಳ ದಾಯಾದಿಯಾದ ಹೊಸದೊಂದು ವೈರಸ್ ಎಂದು ತಿಳಿದುಬಂತು. ಕಾಡಿನ ಹೆಸರೇ ರೋಗಕ್ಕೂ ಬಂತು.

ವೈರಸ್ ಎಂದರೇನು? ಬ್ಯಾಕ್ಟೀರಿಯಕ್ಕೆ ತನ್ನದೇ ಯಂತ್ರಸಾಮಗ್ರಿಯುಂಟು. ಆಹಾರ ಸಿಕ್ಕರೆ ತಾನಾಗಿಯೇ ಬೆಳೆಯುತ್ತದೆ. ವೈರಸ್ಸಿಗೆ ಅದೇನೂ ಇಲ್ಲ. ಯಾವನೋ ಹೊರಗಿನವನು ಗಿರಣಿಯೊಳಗೆ ನುಗ್ಗಿ, ಅಲ್ಲಿನ ಮಗ್ಗಗಳಲ್ಲೇ ತನ್ನ ಬಟ್ಟೆ ನೇಯಿಸಿಕೊಂಡಂತೆ, ಅದು ನಮ್ಮ ಜೀವಕೋಶವನ್ನು ಹೊಕ್ಕು ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯದ ಯಂತ್ರವನ್ನು ಕೆಡಿಸುವ ಪೆನಿಸಿಲಿನ್ ಇಲ್ಲಿ ನಿಷ್ಪ್ರಯೋಜಕವಾಗುವುದು ಇದರಿಂದಲೇ.

ಈ ವೈರಸ್ಸನ್ನು ಹೊತ್ತು ತರುವುದು ಮಂಗವಲ್ಲ, ಉಣ್ಣೆ. ಕೆಲವು ಕಡೆ ಉಣುಗು ಎನ್ನುವರು. ಪಾಪದ ಮಂಗ ನಮ್ಮಂತೆಯೇ ರೋಗಿ, ಹೆಸರು ಮಾತ್ರ ಅದಕ್ಕೆ ಕೆಟ್ಟಿತು. ಮೊಟ್ಟೆಯೊಡೆದು ಬಂದ ಉಣ್ಣೆಗೆ ಆರು ಕಾಲು. ಒಮ್ಮೆ ರಕ್ತ ಹೀರಿ ಪೊರೆ ಕಳಚಿದರೆ ಎಂಟು ಕಾಲಿನ ಮರಿ. ಇನ್ನೊಮ್ಮೆ ಹೀರಿದರೆ ಪ್ರೌಢ. ಪ್ರೌಢ ಉಣ್ಣೆ ಹೆಚ್ಚಾಗಿ ದನಗಳನ್ನು ಹಿಡಿಯುತ್ತದೆ. ಮನುಷ್ಯನಿಗೆ ಅಪಾಯವಿರುವುದು ಮುಖ್ಯವಾಗಿ ಆ ಎಂಟು ಕಾಲಿನ ಮರಿಯಿಂದ. ಅದು ಅತಿ ಚಿಕ್ಕದು, ಕಚ್ಚಿದ್ದೂ ತಿಳಿಯದು. ಒಣ ತಿಂಗಳುಗಳಲ್ಲಿ, ಅಂದರೆ ನಾವು ಊರಿಗೆ ಹೋಗುವ ಕಾಲದಲ್ಲೇ, ಅದರ ಓಡಾಟ ಹೆಚ್ಚು. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿನ ಉಣ್ಣೆಗಳು ಕೆಳಗಿಳಿದು ಸುತ್ತಲಿನ ನೆಲದಲ್ಲಿ ಕಾದಿರುತ್ತವೆ. ಆದ್ದರಿಂದ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸತಕ್ಕದ್ದು. ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ಇರಲಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಡೀಪಾ ಎಣ್ಣೆಯನ್ನು ಹಚ್ಚಿರಿ. ಬಂದೊಡನೆ ಬಿಸಿನೀರು, ಸಾಬೂನಿನ ಸ್ನಾನ. 1990ರಿಂದ ಹಾಕುತ್ತಿದ್ದ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಎಂದೋ ಚುಚ್ಚಿಸಿಕೊಂಡಿದ್ದೇವೆಂದು ಯಾರೂ ಧೈರ್ಯದಿಂದಿರಬೇಡಿ.

ಕಚ್ಚಿದ ಮೇಲೆ ಜ್ವರ ಕಾಣಿಸಲು ಮೂರರಿಂದ ಎಂಟು ದಿನ ಬೇಕು. ಅಷ್ಟರಲ್ಲಿ ರಜೆ ಮುಗಿದು ನಾವು ರೈಲು ಹತ್ತಿರುತ್ತೇವೆ! ಥಟ್ಟನೆ ಏರುವ ಜ್ವರ, ಹಣೆ ಸಿಡಿಯುವಂಥ ತಲೆನೋವು, ಮೈಕೈ ನೋವು, ವಾಂತಿ. ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುವುದುಂಟು. ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ. ದೇಹಕ್ಕೆ ನೀರು ಕಡಿಮೆಯಾಗದಂತೆ, ರಕ್ತಸ್ರಾವ ಮಿತಿಮೀರದಂತೆ ಆಸ್ಪತ್ರೆಯಲ್ಲಿ ನೋಡಿಕೊಳ್ಳುವುದರಿಂದ ಜೀವ ಉಳಿಯುತ್ತದೆ. ಅಂಗಡಿಯಿಂದ ಆಸ್ಪಿರಿನ್ ತಂದು ನುಂಗುವುದು ಬೇಡ, ಅದು ರಕ್ತಸ್ರಾವವನ್ನು ಹೆಚ್ಚಿಸಬಲ್ಲದು.

ಪುಣೆ ಮುಂಬಯಿಯ ವೈದ್ಯರಿಗೆ ನಿಮ್ಮ ಊರಿನ ಕಾಡು ಗೊತ್ತಿರಲಾರದು. ಅವರು ಕೇಳದಿದ್ದರೂ ನೀವೇ ಹೇಳಿ: ಇಂಥ ದಿನ ಇಂಥ ಊರಿನಲ್ಲಿದ್ದೆ, ಕಾಡಿಗೆ ಹೋಗಿದ್ದೆ, ಅಲ್ಲಿ ಮಂಗ ಸತ್ತಿದ್ದವು ಎಂದು. ಆಗ ಅವರು ರಕ್ತವನ್ನು ಪರೀಕ್ಷೆಗೆ ಕಳುಹಿಸಬಲ್ಲರು. ಒಂದೇ ಖೋಲಿಯಲ್ಲಿರುವ ಗೆಳೆಯರು ಹೆದರಿ ರೋಗಿಯನ್ನು ಹೊರಗಟ್ಟಬೇಕಾಗಿಲ್ಲ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದರೆ ಜ್ವರ ಬಿಟ್ಟಿತೆಂದು ಮರುದಿನವೇ ಕೆಲಸಕ್ಕೆ ಓಡುವಂತಿಲ್ಲ. ಕೆಲವರಿಗೆ ಒಂದೆರಡು ವಾರ ಬಿಟ್ಟು ಜ್ವರ ಮರುಕಳಿಸಿ, ಕುತ್ತಿಗೆ ಸೆಟೆದು, ಕೈ ನಡುಗತೊಡಗುತ್ತದೆ. ಆಗ ತಡಮಾಡದೆ ಮತ್ತೆ ಆಸ್ಪತ್ರೆಗೆ ಹೋಗಬೇಕು.