ಜನರೇಟರಿಗೆ ಆಟೋಮ್ಯಾಟಿಕ್ ಚೇಂಜ್‌ಓವರ್

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದೊಡನೆ ಜನರೇಟರಿನ ವಯರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಪದ್ಧತಿ ಕೆಲವು ಸದಸ್ಯರಲ್ಲಿದೆ. ಮೇನ್ ಸ್ವಿಚ್ ತೆಗೆಯಲು ಮರೆತರೆ ಆ ವಿದ್ಯುತ್ತು ಹಿಂದಕ್ಕೆ ಹರಿಯುತ್ತದೆ. 11,000 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರೇ ನಮ್ಮ 230 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಬಲ್ಲದು. ಕಂಬ ಹತ್ತಿದ ಲೈನ್‌ಮನ್ ಮಾತ್ರ ಲೈನಿನಲ್ಲಿ ಕರೆಂಟಿಲ್ಲವೆಂದೇ ನಂಬಿರುತ್ತಾನೆ.

ಆಟೋಮ್ಯಾಟಿಕ್ ಚೇಂಜ್‌ಓವರಿನಲ್ಲಿ ಲೈನಿಗೊಂದು, ಜನರೇಟರಿಗೊಂದು ಕಾಂಟ್ಯಾಕ್ಟರ್ ಇರುತ್ತದೆ. ಎರಡೂ ಒಟ್ಟಿಗೆ ಕೂಡದಂತೆ ಯಾಂತ್ರಿಕ ಇಂಟರ್‌ಲಾಕ್ ಇರಲೇಬೇಕು. ಕಾಯಿಲ್ ವಯರಿಂಗಿನ ತಡೆಯೊಂದೇ ಸಾಲದು. ಕೊಳ್ಳುವಾಗ ಕೇಳಿ ನೋಡತಕ್ಕದ್ದು.

ಇದರ ಸ್ಥಳ ಮೀಟರು ಮತ್ತು ಮೇನ್ ಸ್ವಿಚ್ಚಿನ ನಂತರ, ಡಿಸ್ಟ್ರಿಬ್ಯೂಷನ್ ಬೋರ್ಡಿಗೆ ಮೊದಲು. ಸಿಂಗಲ್ ಫೇಸಿಗೆ ಎರಡು ಪೋಲ್, ತ್ರೀ ಫೇಸಿಗೆ ನಾಲ್ಕು. ನ್ಯೂಟ್ರಲ್ ಕೂಡ ಬದಲಾಗಬೇಕು. ಒಂದು ಪೋಲಿನ ದುಡ್ಡು ಉಳಿಸಿಕೊಡುವ ಜಾಣರ ಮಾತಿಗೆ ಮರುಳಾಗದಿರಿ. ಜನರೇಟರಿನ ನ್ಯೂಟ್ರಲನ್ನು ಅದರ ಬಳಿಯೇ ಅರ್ತಿಗೆ ಸೇರಿಸಿರಬೇಕು, ಇಲ್ಲವಾದರೆ ಆರ್‌ಸಿಸಿಬಿ ಕೆಲಸ ಮಾಡದು. ಅರ್ತ್ ವಯರನ್ನು ಮಾತ್ರ ಯಾವ ಸ್ವಿಚ್ಚಿನಲ್ಲೂ ಕಡಿಯಕೂಡದು. ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರದೇ.

ಇನ್ನು ಪಲ್ಪರ್. ಕರೆಂಟು ಹೋದಾಗ ಆಳು ಸಿಕ್ಕಿಕೊಂಡ ಹಣ್ಣು ತೆಗೆಯಲು ಕೈ ಹಾಕಿರುತ್ತಾನೆ. ಕೆಲವೇ ಸೆಕೆಂಡಿನಲ್ಲಿ ಜನರೇಟರ್ ತಾನಾಗಿ ಹೊರಟರೆ ಮೋಟಾರೂ ತಿರುಗೀತು. ನೋ-ವೋಲ್ಟ್ ಕಾಯಿಲ್ ಉಳ್ಳ ಸ್ಟಾರ್ಟರ್ ಇಲ್ಲದ ಮೋಟಾರನ್ನು ಈ ಸ್ವಿಚ್ಚಿಗೆ ಸೇರಿಸಬೇಡಿ.