ಯಕೃತ್ತಿನ ಅಡ್ಡದಾರಿಯೂ ಮಿದುಳಿನ ಮಂಕೂ

ಕರುಳಿನಿಂದ ಹೊರಟ ರಕ್ತವು ದೇಹದಲ್ಲಿ ಹರಡುವ ಮೊದಲು ಯಕೃತ್ತನ್ನು ಹಾದುಹೋಗಬೇಕು. ಯಕೃತ್ತನ್ನು ಊರಬಾಗಿಲಿನ ಸುಂಕದ ಕಟ್ಟೆಯೆನ್ನೋಣ. ಕರುಳಿನಲ್ಲಿ ಹುಟ್ಟಿದ ಅಮೋನಿಯಾ ಮೊದಲಾದ ವಿಷಗಳನ್ನು ಅದು ಅಲ್ಲಿಯೇ ತಡೆಯುತ್ತದೆ. ಸಿರೋಸಿಸ್ ರೋಗದಲ್ಲಿ ಯಕೃತ್ತು ನಾರುಗಟ್ಟಿ ರಕ್ತಕ್ಕೆ ದಾರಿ ಬಿಡದು. ಒತ್ತಡವೇರಿ ಅನ್ನನಾಳದ ಸಿರೆಗಳು ಒಡೆಯುತ್ತವೆ, ಇಲ್ಲವೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಔಷಧಕ್ಕೆ ಬಗ್ಗದಿದ್ದಾಗ ವೈದ್ಯರು ಕುತ್ತಿಗೆಯ ಸಿರೆಯಿಂದ ಇಳಿದು, ಯಕೃತ್ತಿನೊಳಗೇ ಎರಡು ಸಿರೆಗಳ ನಡುವೆ ಲೋಹದ ಜಾಲರಿಯ ಕೊಳವೆಯೊಂದನ್ನು ಕೂರಿಸುತ್ತಾರೆ. ಇದಕ್ಕೆ ಟಿಪ್ಸ್ ಎಂದು ಹೆಸರು. 1988ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಇಂಥ ಕೊಳವೆಯನ್ನಿಟ್ಟರು.

ಒತ್ತಡವೇನೋ ಇಳಿಯಿತು, ಆದರೆ ಸರಕು ಸುಂಕದ ಕಟ್ಟೆಯನ್ನು ತಪ್ಪಿಸಿಕೊಂಡು ನೆಟ್ಟಗೆ ಪೇಟೆಗೆ ಬಂತು! ರಷ್ಯದ ಎಕ್ ಎಂಬ ವೈದ್ಯರು 1877ರಲ್ಲಿಯೇ ನಾಯಿಗಳಿಗೆ ಇಂಥ ಅಡ್ಡದಾರಿ ಮಾಡಿದ್ದರು. ಆ ಬಗೆಯ ನಾಯಿಗಳು ಮಾಂಸ ತಿಂದರೆ ಮತಿಗೆಡುವುದನ್ನು 1893ರಲ್ಲಿ ಪಾವ್ಲೋವ್ ಮತ್ತು ಸಂಗಡಿಗರು ವರ್ಣಿಸಿದರು.

ಹಾಗಾದರೆ ತಡೆಯುವುದೆಂತು? ಮೊದಲನೆಯದು ವೈದ್ಯರ ಕೈಯಲ್ಲಿದೆ: ಹಿಂದೆ ಹಲವು ಸಲ ಮಂಕು ಕವಿದವರಿಗೆ ಈ ಚಿಕಿತ್ಸೆಯನ್ನು ಬಹಳ ಯೋಚಿಸಿ ಮಾಡುತ್ತಾರೆ, ಕೊಳವೆಯನ್ನೂ 10 ಮಿಲಿಮೀಟರಿಗೆ ಬದಲು 8 ಮಿಲಿಮೀಟರಿನದನ್ನು ಆರಿಸುತ್ತಾರೆ. ಫ್ರಾನ್ಸಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ರಿಫಾಕ್ಸಿಮಿನ್ ಮಾತ್ರೆಯನ್ನು ಚಿಕಿತ್ಸೆಗೆ ಎರಡು ವಾರ ಮೊದಲೇ ಆರಂಭಿಸಿ ಸುಮಾರು ಆರು ತಿಂಗಳು ಕೊಟ್ಟರು. ಅದನ್ನು ತೆಗೆದುಕೊಂಡವರಲ್ಲಿ ಶೇಕಡಾ 34 ಮಂದಿಗೆ, ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇಕಡಾ 53 ಮಂದಿಗೆ ಮಂಕು ಬಂತು. ಪೂರ್ಣ ರಕ್ಷೆಯಲ್ಲ, ಆದರೂ ಸಣ್ಣ ಲಾಭವೂ ಅಲ್ಲ.

ಉಳಿದುದು ಮನೆಯವರ ಕೆಲಸ. ಮಲಬದ್ಧತೆ ಇಲ್ಲಿ ಶತ್ರು. ವೈದ್ಯರು ಲ್ಯಾಕ್ಟ್ಯುಲೋಸ್ ಬರೆದುಕೊಟ್ಟಿದ್ದರೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಶೌಚವಾಗುವಂತೆ ಅಳತೆ ಹೊಂದಿಸಿಕೊಳ್ಳಬೇಕು. ಭೇದಿಯಾಗಿ ನೀರಿಳಿದರೂ ಕೆಡುಕೇ. ನಿದ್ದೆಮಾತ್ರೆ ಕೂಡದು. ಜ್ವರ, ಕಪ್ಪು ಮಲ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪಾವ್ಲೋವರ ನಾಯಿಗಳ ಕಥೆ ಕೇಳಿ ಬೇಳೆ, ಹಾಲು ನಿಲ್ಲಿಸುವವರುಂಟು. ಅದು ತಪ್ಪು. ಸ್ನಾಯುಗಳೂ ಅಮೋನಿಯಾವನ್ನು ಹೀರಿಕೊಳ್ಳುವುದರಿಂದ ಸೊರಗಿದ ರೋಗಿಗೇ ಅಪಾಯ ಹೆಚ್ಚು. ಕಿಲೋ ತೂಕಕ್ಕೆ ದಿನವೂ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕೆಂದು ಈಗಿನ ವೈದ್ಯಮತ. ರಾತ್ರಿ ಬರಿಹೊಟ್ಟೆಯಲ್ಲಿ ಮಲಗಿಸಬಾರದು.

ಹಗಲು ತೂಕಡಿಕೆ, ರಾತ್ರಿ ಎಚ್ಚರ, ಚಾಚಿದ ಕೈ ಪಟಪಟನೆ ಬಡಿಯುವುದು ಇವು ಮುನ್ಸೂಚನೆಗಳು. ಇನ್ನೊಂದು, ಗುಮಾಸ್ತರಾದ ನಮಗೆ ಬೇಗ ಹಿಡಿಸಿದ್ದು: ಅಕ್ಷರ ಕೆಡುತ್ತದೆ. ರೋಗಿಯಿಂದ ದಿನವೂ ಒಂದೇ ಪುಸ್ತಕದಲ್ಲಿ ತಾರೀಖು ಬರೆಯಿಸಿ ಸಹಿ ಮಾಡಿಸಿರಿ. ಗೆರೆ ಸೊಟ್ಟಗಾದ ದಿನವೇ ವೈದ್ಯರಿಗೆ ತೋರಿಸಿರಿ. ಔಷಧದಿಂದ ಮಂಕು ಹರಿಯದಿದ್ದರೆ, ಕೂರಿಸಿದ ಕೊಳವೆಯನ್ನೇ ಕಿರಿದುಗೊಳಿಸುವ ಉಪಾಯವೂ ಅವರಲ್ಲಿದೆ.