ಗಿರಾಕಿ ಬರುವುದು ಹೇಗೆ?

ಅಕ್ಕಂದಿರೇ, ನಾವು ಹೊಲಿಗೆ ಕಲಿತೆವು. ಸಾಲ ಮಾಡಿ ಮಿಷನ್ನು ತಂದೆವು. ಆದರೆ ಹೊಲಿಸುವವರೇ ಬರಲಿಲ್ಲ ಅಂದರೆ ಸಾಲ ತೀರುವುದು ಹೇಗೆ?

ಸುಮ್ಮನೆ ಕೂತರೆ ಗಿರಾಕಿ ಬರೋದಿಲ್ಲ. ನಾವು ಹೊಲಿಯುತ್ತೇವೆ ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕು. ಮೊದಲು ಸ್ತ್ರೀಶಕ್ತಿ ಸಂಘದಲ್ಲಿ ಹೇಳೋಣ. ಸಂಘದಲ್ಲಿ 20 ಜನ ಇದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರು ಎರಡು ಮನೆಗೆ ಹೇಳಿದರೆ 40 ಮನೆಗೆ ಸುದ್ದಿ ಮುಟ್ಟುತ್ತದೆ. ನಾವೇ ಹೊಲಿದ ರವಿಕೆ ತೊಟ್ಟು ಹೋಗೋಣ. ಕೆಲಸ ಹೇಗಿದೆ ಅಂತ ಅವರೇ ನೋಡಲಿ. ಬಾಗಿಲಿಗೆ ಒಂದು ಬೋರ್ಡು ಹಾಕೋಣ. ‘ಇಲ್ಲಿ ರವಿಕೆ, ಲಂಗ ಹೊಲಿದು ಕೊಡುತ್ತೇವೆ’ ಎಂದು ನಮ್ಮ ಕೈಯಲ್ಲೇ ಬರೆಯೋಣ.

ಕಾಲ ನೋಡಿ ಕೇಳಬೇಕು. ಜೂನ್‌ನಲ್ಲಿ ಮಕ್ಕಳಿಗೆ ಶಾಲೆಯ ಸಮವಸ್ತ್ರ ಬೇಕು. ಆಷಾಢದಲ್ಲಿ ಮಾಲೇಕಲ್ಲು ತಿರುಪತಿಯ ತೇರು. ಮನೆಗೆ ನೆಂಟರು ಬರುತ್ತಾರೆ, ಹೊಸ ರವಿಕೆ ಬೇಕಾಗುತ್ತದೆ. ತಿಂಗಳು ಮುಂಚೆಯೇ ಮನೆಮನೆಗೆ ಹೋಗಿ ಕೇಳೋಣ.

ಕೂಲಿ ಎಷ್ಟು? ಲೆಕ್ಕ ಹಾಕೋಣ. ಒಂದು ರವಿಕೆಗೆ 200 ರೂಪಾಯಿ ಅಂದುಕೊಳ್ಳಿ. ಲೈನಿಂಗ್ ಬಟ್ಟೆಗೆ 50, ದಾರ ಮತ್ತು ಹುಕ್ಕಿಗೆ 10 ಹೋಯಿತು. ಉಳಿದದ್ದು 140. ಮೂರು ಗಂಟೆ ಕೂತ ಕೂಲಿ ಅದರಲ್ಲೇ ಬರಬೇಕು. ‘ಮನೇಲಿ ಕೂತು ಹೊಲೀತೀಯ, ನಮ್ಮ ಹತ್ರ ದುಡ್ಡು ಯಾಕೆ?’ ಅನ್ನುವವರೂ ಇದ್ದಾರೆ. ನೆಂಟರೇ ಆದರೂ ಕೂಲಿ ಕೂಲಿಯೇ. ಅಹಮದಾಬಾದಿನಲ್ಲಿ ಇಳಾ ಭಟ್ 1972ರಲ್ಲಿ ‘ಸೇವಾ’ ಎಂಬ ಸಂಘ ಕಟ್ಟಿದರು. ಮನೆಯಲ್ಲೇ ಹೊಲಿಯುವವರು, ಬೀಡಿ ಕಟ್ಟುವವರು, ತರಕಾರಿ ಮಾರುವವರು ಅದರಲ್ಲಿ ಸೇರಿದರು. ಮನೆಯಲ್ಲಿ ಮಾಡಿದರೂ ಅದು ದುಡಿಮೆಯೇ ಎಂದು ಅವರು ಗಟ್ಟಿಯಾಗಿ ಹೇಳಿದರು. ನಾವೂ ಹೇಳೋಣ.

ಮೊದಲ ಗಿರಾಕಿ ಮಾತು ಕೇಳಿ ಬರುತ್ತಾಳೆ. ಎರಡನೆಯವಳು ಮೊದಲನೆಯವಳ ರವಿಕೆ ನೋಡಿ ಬರುತ್ತಾಳೆ. ಹೇಳಿದ ದಿನಕ್ಕೆ ಕೊಟ್ಟರೆ ಇಬ್ಬರೂ ಮತ್ತೆ ಬರುತ್ತಾರೆ. ತೇರು ಮುಗಿದ ಮೇಲೆ ಕೊಟ್ಟ ರವಿಕೆ ಯಾರಿಗೆ ಬೇಕು? ಆಗದ ಕೆಲಸ ಒಪ್ಪಿಕೊಳ್ಳುವುದು ಬೇಡ. ‘ಈ ವಾರ ಆಗಲ್ಲಕ್ಕ, ಮುಂದಿನ ವಾರ ಕೊಡ್ತೀನಿ’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ.

ಇದನ್ನೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟ. ಈಗ ನಮಗೆ ಅಕ್ಷರ ಬರುತ್ತದೆಯಲ್ಲ! ಒಂದು ನೋಟುಬುಕ್ಕು ಇಡೋಣ. ಬಟ್ಟೆ ಕೈಗೆ ಬಂದ ಕೂಡಲೇ ಬರೆಯೋಣ.

ಬರೆಯಿರಿ:
ಹೆಸರು: ..........
ಎದೆ, ಸೊಂಟ, ತೋಳು, ಉದ್ದದ ಅಳತೆ: ..........
ಕೊಡುವ ದಿನ: ..........
ಒಟ್ಟು ಕೂಲಿ: ..........
ಮುಂಗಡ: ..........
ಬಾಕಿ: ..........

ಯೋಚಿಸಿ: ನಿಮಗೆ ಯಾವ ಕಸುಬು ಗೊತ್ತು? ಅದನ್ನು ಮೊದಲು ಯಾವ ಐದು ಮನೆಗೆ ಹೇಳುತ್ತೀರಿ?